ಕ್ರಿಸ್ಮಸ್ ಸಂದೇಶ ಟೊಳ್ಳಾಗಿ ಕೇಳಿಸುತ್ತಿದ್ದರೆ

ಕ್ರಿಸ್ಮಸ್‌ಗೆ ಹೇಳಲು ನೀವು ಬರೆದ, ಪವಾಡ, ನಿರೀಕ್ಷೆ ಕುರಿತ ಐದು ನಿಮಿಷದ ಚಿಂತನೆ ಟೊಳ್ಳೆನಿಸಲು ಬಹುಶಃ ಕಾರಣ, ಕಾಯುವಿಕೆಯನ್ನು ಬಿಟ್ಟು ನೇರ ದೇವದೂತರ ಹಾಡಿಗೆ ಹಾರಿರುವುದು.

ಮೊದಲು ಬೈಬಲಿನ ಲೂಕ 1:5–25 ಓದಿ. ಜಕರೀಯ, ಎಲಿಸಬೇತ ದಂಪತಿಗೆ ವಯಸ್ಸಾಗಿದೆ, ಮಕ್ಕಳಿಲ್ಲ. ಮಗು ಹುಟ್ಟುತ್ತದೆಂದು ದೂತನೇ ಬಂದು ಹೇಳಿದರೂ ಜಕರೀಯ ನಂಬಲಿಲ್ಲ, ಮೂಕನಾದ. ಆದರೂ ಮಗು ಹುಟ್ಟಿತು! ಪವಾಡ ಅವನ ನಂಬಿಕೆಯ ಅಳತೆಗೆ ನಿಂತಿರಲಿಲ್ಲ. ಅರ್ಧ ಸಮಯ ಇದಕ್ಕೇ ಕೊಡಿ.

ನಂತರ, ರಕ್ಷಕನಿಗಾಗಿ ಕಾದಿದ್ದ ಸಿಮೆಯೋನ, ಅನ್ನಳು (ಲೂಕ 2:25–38). ಅವರು ಕಂಡದ್ದು ಶಿಶು ಯೇಸುವನ್ನಷ್ಟೇ. ಅವರ ನಾಡಿನ ಮೇಲೆ ರೋಮ್ ಆಳ್ವಿಕೆ ಹಾಗೇ ಇತ್ತು.

ಹೆರೋದ ರಾಜ ಕೊಲ್ಲಿಸಿದ ಮಕ್ಕಳಿಗಾಗಿ ಮತ್ತಾಯ 2:16–18ರ ತಾಯಂದಿರ ಅಳುವನ್ನು ದಯವಿಟ್ಟು ಬಿಡಬೇಡಿ. ‘ನಂಬಿದರೆ ಗುಣವಾಗುತ್ತದೆ’ ಎನ್ನಲೇಬೇಡಿ, ಮಗುವನ್ನು ಕಳೆದುಕೊಂಡವರೂ ಕೇಳುತ್ತಿರಬಹುದು. ಕೆಲವರಿಗೇ ಪವಾಡ ಏಕೆ ಎಂಬುದಕ್ಕೆ ಸುವಾರ್ತೆ ಕಾರಣ ಕೊಡುವುದಿಲ್ಲ, ನೀವೂ ಕೊಡಬೇಡಿ. ‘ದೇವರು ನಮ್ಮೊಂದಿಗಿದ್ದಾನೆ’ ಎನ್ನುವ ಮತ್ತಾಯ 1:23 ಓದಿ ಮುಗಿಸಿ.