ಅಪಘಾತದ ಕ್ಲೇಮಿನಲ್ಲಿ ಸಾಕ್ಷಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಿರ್ಜಾನ್ ಹತ್ತಿರ ಹೆದ್ದಾರಿ 66ರಲ್ಲಿ ರಾತ್ರಿ ನನ್ನ ತಮ್ಮನ ಬೈಕಿಗೆ ಕಾರು ಗುದ್ದಿ ತೊಡೆಯ ಮೂಳೆ ಮುರಿದಿದೆ. ಠಾಣೆಗೆ ದೂರು ಕೊಟ್ಟವನು ನಾನು, ಆದರೆ ನಾನು ಅಪಘಾತ ನೋಡಿಲ್ಲ. ನೋಡಿದವರು ಮೀನು ಮಾರಿ ಮನೆಗೆ ಹೊರಟಿದ್ದ ಒಬ್ಬ ಹೆಂಗಸು. ತಮ್ಮನನ್ನು ಆಟೋದಲ್ಲಿ ಆಸ್ಪತ್ರೆಗೆ ತಂದವರೂ ಅವರೇ. ದೋಷಾರೋಪಣ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪ್ರತ್ಯಕ್ಷ ಸಾಕ್ಷಿಯೇ ಇಲ್ಲ ಎಂದು ವಿಮಾ ಕಂಪನಿಯವರು ಹೇಳುತ್ತಿದ್ದಾರೆ. ಕ್ಲೇಮು ಬಿದ್ದುಹೋಗುತ್ತದೆಯೇ?
— ಓದುಗರು, ಕುಮಟಾ

ಉತ್ತರ: ಬೀಳುವುದಿಲ್ಲ. ಮೊದಲ ಪ್ರತ್ಯಕ್ಷ ಸಾಕ್ಷಿ ನಿಮ್ಮ ತಮ್ಮನೇ. ಗಾಯಗೊಂಡವನ ಮಾತಿಗೆ ಪರಿಹಾರದ ಕ್ಲೇಮು ತೀರ್ಮಾನಿಸುವ ನ್ಯಾಯಮಂಡಳಿಯಲ್ಲಿ ಬೆಲೆಯಿದೆ. ಕ್ರಿಮಿನಲ್ ಕೇಸಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಪರಿಹಾರದ ಕ್ಲೇಮಿನಲ್ಲಿ ಅಷ್ಟು ಬೇಕಿಲ್ಲ, ಯಾರ ಮಾತು ಹೆಚ್ಚು ಸಂಭವನೀಯ ಎಂಬಷ್ಟು ತೋರಿಸಿದರೆ ಸಾಕು. ಸುಪ್ರೀಂ ಕೋರ್ಟ್ 2009ರ ಬಿಮ್ಲಾ ದೇವಿ ಪ್ರಕರಣದಲ್ಲಿ ಇದನ್ನು ಹೇಳಿತು. 2019ರ ಸುನೀತಾ ಪ್ರಕರಣದಲ್ಲಿ ಬೈಕಿನ ಹಿಂದೆ ಕೂತಿದ್ದವನನ್ನು ಸಾಕ್ಷಿಯಾಗಿ ಕರೆಯದಿದ್ದುದೇ ಕ್ಲೇಮು ತಳ್ಳಿಹಾಕಲು ಕಾರಣವಾಗಲಿಲ್ಲ.

ಆದರೂ ಆ ಹೆಂಗಸನ್ನು ಬಿಡಬೇಡಿ. ದೋಷಾರೋಪಣ ಪಟ್ಟಿಯಲ್ಲಿ ಹೆಸರಿಲ್ಲದವರನ್ನೂ ಕ್ಲೇಮಿನಲ್ಲಿ ಸಾಕ್ಷಿಯಾಗಿ ಕರೆಯಬಹುದು, ಅದಕ್ಕೆ ತಡೆಯಿಲ್ಲ. ಪಾಟೀಸವಾಲಿನಲ್ಲಿ ಅವರಿಗೆ ಬರುವ ಮೊದಲ ಪ್ರಶ್ನೆ, 'ನೀವು ಅಲ್ಲಿದ್ದಿರಿ ಅನ್ನುವುದಕ್ಕೆ ಏನಿದೆ?' ಎಂಬುದೇ. ಇದಕ್ಕೆ ಉತ್ತರ ಕಾಗದದಲ್ಲಿ ಇರಬೇಕು. ಆಸ್ಪತ್ರೆಯ ಎಂ.ಎಲ್.ಸಿ. (ಅಪಘಾತದಂಥ, ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸುಗಳ) ದಾಖಲೆಯಲ್ಲಿ 'ಕರೆತಂದವರು' ಎಂಬ ಕಲಂ ಇರುತ್ತದೆ, ಅದರಲ್ಲಿ ಯಾರ ಹೆಸರಿದೆ ಎಂದು ಇವತ್ತೇ ನೋಡಿ. ಅವರ ಹೆಸರಿದ್ದರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ಆಟೋದವರನ್ನು ಕೇಳಿ, ಆ ಹೆಂಗಸು 108ಕ್ಕೆ ಅಥವಾ ನಿಮ್ಮ ಮನೆಗೆ ಕರೆ ಮಾಡಿದ್ದರೆ ಆ ಕರೆಯ ವಿವರ ತೆಗೆಸಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ತಾನೇ ಪೊಲೀಸರಿಗೆ ದೂರು ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನನ್ನು ನಂಬದಿರುವುದು ಸರಿಯಲ್ಲ ಎಂದು ಅನಿತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ನಿಮ್ಮ ವಕೀಲರಿಗೆ ಈ ತೀರ್ಪನ್ನು ನೆನಪಿಸಿ.

ಅದೇ ಎಂ.ಎಲ್.ಸಿ.ಯಲ್ಲಿ ಅಪಘಾತ ಹೇಗಾಯಿತು ಎಂದು ಬರೆದ ಸಾಲನ್ನೂ ಓದಿ. ಅವಸರದಲ್ಲಿ ಯಾರೋ 'ಬೈಕಿನಿಂದ ಬಿದ್ದು' ಎಂದಿರುತ್ತಾರೆ, ಕರ್ತವ್ಯದಲ್ಲಿದ್ದ ವೈದ್ಯರು ಅದನ್ನೇ ಬರೆದಿರುತ್ತಾರೆ. ಮುಂದೆ ವಿಮಾ ಕಂಪನಿ ಹಿಡಿಯುವುದು ಆ ಎರಡು ಪದಗಳನ್ನೇ: ತಾನೇ ಬಿದ್ದವನು, ಕಾರನ್ನು ಆಮೇಲೆ ಸೇರಿಸಿದ್ದಾರೆ ಎನ್ನುತ್ತಾರೆ. ಹಾಗೆ ಬರೆದಿದ್ದರೆ, ಆ ಮಾಹಿತಿ ಕೊಟ್ಟವರು ಯಾರು, ಆಗ ಗಾಯಾಳುವಿಗೆ ಪ್ರಜ್ಞೆ ಇತ್ತೇ ಎಂಬುದನ್ನು ವೈದ್ಯರನ್ನೇ ಸಾಕ್ಷಿಯಾಗಿ ಕರೆಸಿ ದಾಖಲಿಸಬೇಕಾಗುತ್ತದೆ. ಕಾರವಾರ, ಅಂಕೋಲಾದ ಗಾಯಾಳುಗಳನ್ನು ಗೋವಾಕ್ಕೆ, ಹೊನ್ನಾವರ, ಭಟ್ಕಳದವರನ್ನು ಮಣಿಪಾಲಕ್ಕೆ ಒಯ್ಯುವುದು ಸಾಮಾನ್ಯ. ಮೊದಲು ನೋಡಿದ ಆಸ್ಪತ್ರೆಯ ಚೀಟಿ ಈ ಓಡಾಟದಲ್ಲೇ ಕಳೆದುಹೋಗುತ್ತದೆ. ಅದನ್ನು ಕೇಳಿ ಪಡೆಯಿರಿ. ಚಿಕಿತ್ಸೆಯ ಓಡಾಟದಿಂದ ದೂರು ತಡವಾಗಿದ್ದರೆ ಕಾರಣವನ್ನು ದೂರಿನಲ್ಲೇ ಬರೆಸಿ. ತಡವಾಯಿತೆಂಬುದೊಂದೇ ಕ್ಲೇಮನ್ನು ಕೆಡಿಸುವುದಿಲ್ಲ, ಕಾರಣ ಹೇಳದ ತಡ ಕೆಡಿಸುತ್ತದೆ.

ಕ್ಲೇಮು ಅರ್ಜಿಗೆ ಮೋಟಾರು ವಾಹನ ಕಾಯ್ದೆಯ 166(3)ನೇ ಕಲಮಿನಲ್ಲಿ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಸಾಕ್ಷಿ ಹುಡುಕುತ್ತ ಅದನ್ನು ಕಳೆಯಬೇಡಿ. ಅರ್ಜಿ ಹಾಕಿ, ಸಾಕ್ಷಿಯನ್ನು ಆಮೇಲೆ ಕರೆಸಬಹುದು. ಅಪಘಾತವಾದ ಊರಿನ ವ್ಯಾಪ್ತಿಯಲ್ಲೇ ಹಾಕಬೇಕೆಂದಿಲ್ಲ, ಗಾಯಾಳು ವಾಸವಿರುವ ಕಡೆಯೂ ಹಾಕಬಹುದು.

ಪ್ರಶ್ನೆ: ಅಣ್ಣನ ಕೇಸಿನಲ್ಲಿ ಅಪಘಾತ ನೋಡಿದವರು ಕೊಂಕಣಿ ಮಾತಾಡುವ ಮೀನುಗಾರರು, ಓದು ಬರಹ ಇಲ್ಲ. ಪೊಲೀಸರು ಕನ್ನಡದಲ್ಲಿ ಹೇಳಿಕೆ ಬರೆದುಕೊಂಡಿದ್ದಾರೆ. ಕೋರ್ಟಿನಲ್ಲಿ ಹೆದರಿ ತಪ್ಪು ಹೇಳಿಯಾರು ಎಂಬ ಚಿಂತೆ. ಏನು ಹೇಳಬೇಕೆಂದು ಹೇಳಿಕೊಡಬಹುದೇ?
— ಓದುಗರು, ಕಾರವಾರ

ಉತ್ತರ: ಹೇಳಿಕೊಡಬೇಡಿ. ಅಭ್ಯಾಸ ಮಾಡಿಸಿದ ಮಾತು ಮೂರನೇ ಪ್ರಶ್ನೆಗೆ ಒಡೆಯುತ್ತದೆ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳುವುದು ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ ಕೂಡ. ನೀವು ಮಾಡಬಹುದಾದದ್ದು, ಮಾಡಲೇಬೇಕಾದದ್ದು ಬೇರೆ ಇದೆ.

ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿ ಸಹಿ ಮಾಡಿರುವುದಿಲ್ಲ, ಆದರೆ ಕೋರ್ಟಿನಲ್ಲಿ ಅದಕ್ಕೂ ಇದಕ್ಕೂ ವ್ಯತ್ಯಾಸ ಕಂಡರೆ ಎದುರು ವಕೀಲರು ಅದನ್ನು ಎತ್ತಿ ಕೇಳುತ್ತಾರೆ. ಆದ್ದರಿಂದ ದೋಷಾರೋಪಣ ಪಟ್ಟಿಯ ಜೊತೆ ಬರುವ ಆ ಹೇಳಿಕೆಯ ಪ್ರತಿಯನ್ನು ವಕೀಲರು ಅವರಿಗೆ ಕೊಂಕಣಿಯಲ್ಲಿ ಓದಿ ಹೇಳಬೇಕು. ತಪ್ಪಾಗಿ ಬರೆದಿದ್ದರೆ, ತಪ್ಪೆಂದು ಅವರು ಕೋರ್ಟಿನಲ್ಲೇ ಹೇಳಲಿ. ಕ್ಲೇಮಿನಲ್ಲಿ ಮುಖ್ಯ ವಿಚಾರಣೆ (ಪಾಟೀಸವಾಲಿಗೆ ಮೊದಲು ಸಾಕ್ಷಿ ತಾನೇ ಹೇಳುವ ಮಾತು) ಸಾಮಾನ್ಯವಾಗಿ ಪ್ರಮಾಣಪತ್ರದ (ಅಫಿಡವಿಟ್) ರೂಪದಲ್ಲಿರುತ್ತದೆ. ಅಲ್ಲೇ ದೊಡ್ಡ ಅಪಾಯ. ಟೈಪು ಮಾಡಿದ ಇಂಗ್ಲಿಷ್ ಹಾಳೆಗೆ ಹೆಬ್ಬೆಟ್ಟು ಒತ್ತಿ, 'ಇದರಲ್ಲಿ ಏನಿದೆ?' ಎಂದು ಕೇಳಿದಾಗ 'ಗೊತ್ತಿಲ್ಲ' ಎಂದರೆ ಅವರ ಸಾಕ್ಷ್ಯದ ಬಲ ಅಲ್ಲಿಗೆ ಮುಗಿಯಿತು. ಅವರಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ ಎಂಬ ಒಕ್ಕಣೆ ಪ್ರಮಾಣಪತ್ರದಲ್ಲಿರಲಿ, ನಿಜವಾಗಿ ವಿವರಿಸಿಯೂ ಇರಲಿ. ಕಟಕಟೆಯಲ್ಲಿ ಕೊಂಕಣಿಯಲ್ಲೇ ಹೇಳುವೆನೆಂದು ಅವರು ಕೇಳಿಕೊಳ್ಳಬಹುದು.

ಇನ್ನೊಂದು ಮಾತು ಅವರಿಗೆ ತಿಳಿಸಿ: ಕಂಡಿದ್ದನ್ನಷ್ಟೇ ಹೇಳಲಿ, ಲೆಕ್ಕ ಹೇಳದಿರಲಿ. 'ಕಾರು ಗಂಟೆಗೆ ತೊಂಬತ್ತು ಕಿಲೋಮೀಟರಿನಲ್ಲಿತ್ತು' ಎಂದರೆ 'ಹೇಗೆ ಅಳೆದಿರಿ?' ಎಂಬ ಪ್ರಶ್ನೆ ಬರುತ್ತದೆ. 'ಮುಂದಿನ ಬಸ್ಸನ್ನು ಹಿಂದಿಕ್ಕುತ್ತ ನಡುಗೆರೆ ದಾಟಿ ಬಂತು' ಎಂಬುದು ಕಣ್ಣಿಗೆ ಕಂಡ ಸಂಗತಿ, ಅದು ನಿಲ್ಲುತ್ತದೆ. ತಾವು ಎಲ್ಲಿ ನಿಂತಿದ್ದರು, ಯಾವ ಕಡೆ ಮುಖ ಮಾಡಿದ್ದರು, ಬೆಳಕು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗಳಿಗೆ ತಯಾರಾಗಿರಲಿ. ಸದ್ದು ಕೇಳಿ ತಿರುಗಿ ನೋಡಿದ್ದಾದರೆ ಹಾಗೆಂದೇ ಹೇಳಲಿ. ಗುದ್ದಿದ ಕ್ಷಣ ನೋಡದವರೂ ವಾಹನಗಳು ಬಿದ್ದ ಜಾಗ, ಓಡಿಹೋದ ಚಾಲಕ, ನಂಬರ್ ಪ್ಲೇಟು ಇವನ್ನು ಹೇಳಬಲ್ಲರು.

ಘಟ್ಟದ ರಸ್ತೆಯ ಅಪಘಾತವಾದರೆ ಒಂದು ಸಂಗತಿ ಸಾಕ್ಷ್ಯದಲ್ಲಿ ಬರಲೇಬೇಕು: ಯಾವ ವಾಹನ ಏರುತ್ತಿತ್ತು, ಯಾವುದು ಇಳಿಯುತ್ತಿತ್ತು. ರಸ್ತೆ ಕಿರಿದಾದಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ. ದೇವಿಮನೆ, ಅರಬೈಲು ಘಟ್ಟಗಳ ತಿರುವಿನ ಕೇಸುಗಳಲ್ಲಿ ತಪ್ಪು ಯಾರದೆಂಬುದು ಇದರ ಮೇಲೂ ನಿಂತಿರುತ್ತದೆ.

ಪ್ರಶ್ನೆ: ಬೈಕಿನ ಹಿಂದೆ ಕೂತಿದ್ದ ಹೆಂಡತಿಯ ಸಾಕ್ಷಿ ನಡೆಯುತ್ತದೆಯೇ? ಮೂವರು ಕೂತಿದ್ದೆವು ಎಂಬುದೂ ಎದುರು ಪಕ್ಷದವರ ಆಕ್ಷೇಪ.
— ಓದುಗರು, ಭಟ್ಕಳ

ಉತ್ತರ: ನಡೆಯುತ್ತದೆ. ಮನೆಯವರು ಎಂಬ ಕಾರಣಕ್ಕೇ ಸಾಕ್ಷ್ಯ ತಳ್ಳಿಹಾಕುವಂತಿಲ್ಲ, ಹೆಚ್ಚು ಎಚ್ಚರದಿಂದ ತೂಗುತ್ತಾರೆ ಅಷ್ಟೆ. ಮೂವರು ಕೂತಿದ್ದು ನಿಯಮದ ಉಲ್ಲಂಘನೆಯೇ. ಆದರೆ ಅದರಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಾಯಿತು ಎಂದು ತೋರಿಸದೆ ನಿಮ್ಮ ಮೇಲೆ ಪಾಲು ತಪ್ಪು ಹೊರಿಸಲಾಗದು (ಸುಪ್ರೀಂ ಕೋರ್ಟ್, ಮೊಹಮ್ಮದ್ ಸಿದ್ದಿಕ್ ಪ್ರಕರಣ, 2020).

ಪ್ರಶ್ನೆ: ಗಾಯಾಳುವಿಗೆ ನೆರವಾದರೆ ಠಾಣೆ, ಕೋರ್ಟು ಅಲೆಯಬೇಕಲ್ಲ ಎಂದು ನಮ್ಮ ಕಡೆ ಜನ ಹಿಂಜರಿಯುತ್ತಾರೆ. ಕಾನೂನು ಏನು ಹೇಳುತ್ತದೆ?
— ಓದುಗರು, ಗೋಕರ್ಣ

ಉತ್ತರ: ಮೋಟಾರು ವಾಹನ ಕಾಯ್ದೆಯ 134ಎ ಕಲಂ ಮತ್ತು 2020ರ ನಿಯಮಗಳು ನೆರವಾದವರ ಪರವಾಗಿವೆ. ಹೆಸರು, ವಿಳಾಸ ಕೊಡುವಂತೆ ಪೊಲೀಸರಾಗಲಿ ಆಸ್ಪತ್ರೆಯಾಗಲಿ ಬಲವಂತ ಮಾಡುವಂತಿಲ್ಲ. ಸಾಕ್ಷಿಯಾಗುವುದು ಅವರ ಇಚ್ಛೆ. ಒಪ್ಪಿದರೆ ಅವರಿಗೆ ಅನುಕೂಲವಾದ ಜಾಗ, ಸಮಯದಲ್ಲಿ ಪೊಲೀಸರು ಒಮ್ಮೆ ವಿಚಾರಿಸಬೇಕು. ಕರ್ನಾಟಕಕ್ಕೆ ಇದೇ ವಿಷಯದಲ್ಲಿ 2016ರ ತನ್ನದೇ ಕಾಯ್ದೆಯೂ ಇದೆ. ಗಾಯಾಳುವಿನ ಮನೆಯವರು ಇದನ್ನು ಅರಿತು, ಒತ್ತಡ ಹಾಕದೆ, ವಿನಯದಿಂದ ಕೇಳಿಕೊಳ್ಳಬೇಕು. ಮುರ್ಡೇಶ್ವರಕ್ಕೋ ಗೋವಾಕ್ಕೋ ಪ್ರವಾಸ ಬಂದವರು ಸಾಕ್ಷಿಯಾಗಿದ್ದರೆ ವಿಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಅನುಮತಿ ಕೇಳಬಹುದು, ಕಾರವಾರಕ್ಕೆ ಮತ್ತೆ ಬರಬೇಕೆಂದಿಲ್ಲ.

ಸಾಕ್ಷಿ ಸಿಗದ ಕಡೆ ಪೆಟ್ರೋಲ್ ಬಂಕು, ಲಾಡ್ಜು, ದೇವಸ್ಥಾನದ ಸಿಸಿಟಿವಿ ನೋಡಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ ಮೊದಲ ದಿನಗಳಲ್ಲೇ ಠಾಣೆಗೆ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ದೃಶ್ಯದ ಪ್ರತಿ ಕೋರ್ಟಿಗೆ ಹೋಗುವಾಗ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ (ಸರ್ಟಿಫಿಕೇಟ್) ಜೊತೆಗಿರಬೇಕು. ನಮ್ಮ ಮಳೆಗಾಲದಲ್ಲಿ ಟೈರಿನ ಗುರುತು ಪಂಚನಾಮೆಯ ಹೊತ್ತಿಗೆ ತೊಳೆದುಹೋಗಿರುತ್ತದೆ. ಹಾಗಾಗಿ ಕಿಲೋಮೀಟರ್ ಕಲ್ಲೋ ವಿದ್ಯುತ್ ಕಂಬವೋ ಕಾಣುವಂತೆ ಫೋಟೋ ತೆಗೆದಿಡಿ.

ಪ್ರಶ್ನೆ: ಕೊನೆಗೌಡನಾಗಿ ಅಡಿಕೆ ಮರ ಹತ್ತುತ್ತಿದ್ದ ನನಗೆ ಕಾರು ಗುದ್ದಿ ಮೊಣಕಾಲು ಹೋಗಿದೆ. ವಯಸ್ಸು 38. ತಪ್ಪು ಕಾರಿನವನದೇ ಎಂದು ಸಾಬೀತಾದರೆ ಸಾಕಲ್ಲ, ಇನ್ನೇನು ಸಾಕ್ಷಿ ಬೇಕು?
— ಓದುಗರು, ಶಿರಸಿ

ಉತ್ತರ: ಹಣ ಎಷ್ಟು ಎಂಬುದನ್ನು ನಿರ್ಧರಿಸುವವರು ಬೇರೆ ಸಾಕ್ಷಿಗಳು: ವೈದ್ಯರು ಮತ್ತು ನಿಮಗೆ ಕೆಲಸ ಕೊಟ್ಟವರು. ವೈದ್ಯರು ಕಾಲಿಗೆ ಇಷ್ಟು ಶೇಕಡಾ ಅಂಗವೈಕಲ್ಯ ಎನ್ನುತ್ತಾರೆ. ಇಡೀ ದೇಹಕ್ಕೆ ಲೆಕ್ಕ ಹಾಕಿದಾಗ ಅದು ಇಳಿಯುತ್ತದೆ. ಆದರೆ ನೋಡಬೇಕಾದದ್ದು ದುಡಿಮೆಯ ಶಕ್ತಿ ಎಷ್ಟು ಹೋಯಿತು ಎಂಬುದನ್ನು ಎಂದು 2011ರ ರಾಜ್ ಕುಮಾರ್ ತೀರ್ಪು ಹೇಳುತ್ತದೆ. ಕುಳಿತು ಲೆಕ್ಕ ಬರೆಯುವವರಿಗೆ ಮೊಣಕಾಲಿನ ನಷ್ಟ ಬೇರೆ, ಮರ ಹತ್ತುವವರಿಗೆ ಬೇರೆ. 'ಮೊಣಕಾಲು ಇಷ್ಟೇ ಮಡಚುತ್ತದೆ, ಮರ ಹತ್ತಲಾಗದು' ಎಂದು ವೈದ್ಯರಿಂದ ಬಾಯಿಬಿಟ್ಟು ಹೇಳಿಸಬೇಕು. ಅಂಗವೈಕಲ್ಯದ ಸರ್ಟಿಫಿಕೇಟ್ ತಂದಿಟ್ಟರೆ ಸಾಲದು. ಸಾಧ್ಯವಾದಷ್ಟು ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕರೆಸಿ.

ವ್ಯತ್ಯಾಸ ನೋಡಿ. ತಿಂಗಳ ಆದಾಯ 15,000 ಎಂದು ಒಪ್ಪಿದರೆ, ನಿಮ್ಮ ವಯಸ್ಸಿಗೆ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಅಂಕೆ) 15. ದುಡಿಮೆಯ ನಷ್ಟ ಶೇಕಡಾ 10 ಎಂದರೆ 2,70,000 ರೂಪಾಯಿ, ಶೇಕಡಾ 40 ಎಂದರೆ 10,80,000 ರೂಪಾಯಿ.

ಆದಾಯಕ್ಕೆ ಚೀಟಿ ಇರುವುದಿಲ್ಲ ಎಂದು ಸುಮ್ಮನಾಗಬೇಡಿ. ನಿಮ್ಮನ್ನು ಪ್ರತಿ ವರ್ಷ ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ಕರೆಯುವ ಇಬ್ಬರು ತೋಟದ ಯಜಮಾನರು ಬಂದು ಕೂಲಿ ದರ, ಎಷ್ಟು ದಿನದ ಕೆಲಸ ಎಂಬುದನ್ನು ಹೇಳಲಿ. ಅವರ ಲೆಕ್ಕದ ಪುಸ್ತಕ, ಬ್ಯಾಂಕಿಗೆ ಅಥವಾ ಫೋನಿಗೆ ಹಾಕಿದ ಹಣದ ದಾಖಲೆ ತರಲಿ. ಕೊಯ್ಲಿಲ್ಲದ ತಿಂಗಳುಗಳಲ್ಲಿ ಏನು ದುಡಿಯುತ್ತೀರಿ ಎಂದು ಖಂಡಿತ ಕೇಳುತ್ತಾರೆ. ಕರಾವಳಿಯ ಬೋಟಿನ ಕೆಲಸಗಾರರಿಗೂ ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಬಗ್ಗೆ ಇದೇ ಪ್ರಶ್ನೆ ಬರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುತ್ತಿದ್ದರೆ ಅದನ್ನೂ ಯಜಮಾನರು ಹೇಳಲಿ. ಯಾರೂ ಬಾರದಿದ್ದರೆ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ, ಅದು ನೀವು ನಿಜವಾಗಿ ದುಡಿಯುತ್ತಿದ್ದುದಕ್ಕಿಂತ ಕಡಿಮೆ ಇರಬಹುದು. ಯಜಮಾನರು ಬರಲು ಹಿಂದೆಮುಂದೆ ನೋಡಿದರೆ ಸಾಕ್ಷಿ ಸಮನ್ಸಿಗೆ ಅರ್ಜಿ ಹಾಕಿ, ಭತ್ಯೆ ಕಟ್ಟಿ ಕರೆಸಿ.