ಅಪಘಾತದಲ್ಲಿ ರಕ್ತ ಸೋರುತ್ತಿರುವವರಿಗೆ, ರಕ್ತನಿಧಿ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಸಲೈನ್ ಕೊಡಬೇಕು?

ಬಿ.ಪಿ. ನಾರ್ಮಲ್ ಆಗುವವರೆಗೆ ಬಾಟಲಿ ಮೇಲೆ ಬಾಟಲಿ ಏರಿಸಬೇಡಿ. ಮೊದಲು ಸೋರಿಕೆ ನಿಲ್ಲಿಸಿ: ಗಾಯವನ್ನು ಬಲವಾಗಿ ಒತ್ತಿ ಹಿಡಿಯಿರಿ, ಕೈಕಾಲಾದರೆ ಬೇಕಿದ್ದಲ್ಲಿ ಟೂರ್ನಿಕೆಟ್ (ರಕ್ತದ ಹರಿವು ತಡೆಯುವ ಬಿಗಿ ಪಟ್ಟಿ) ಕಟ್ಟಿ ಸಮಯ ಬರೆದಿಡಿ.

ಎರಡೂ ಕೈಗೆ ದಪ್ಪ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿ. ಹಸಿರು 18 ಗೇಜ್‌ನಲ್ಲಿ ನಿಮಿಷಕ್ಕೆ ಸುಮಾರು 90 ಮಿ.ಲೀ. ಹರಿದರೆ, ತೆಳುವಾದ ನೀಲಿ 22ರಲ್ಲಿ ಅದರ ಅರ್ಧವೂ ಇಲ್ಲ.

ಬೆಚ್ಚಗಿನ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಅಥವಾ ನಾರ್ಮಲ್ ಸಲೈನ್ 250 ಮಿ.ಲೀ. ಬಿಟ್ಟು, ಮಣಿಕಟ್ಟಿನ ನಾಡಿ ಹಿಡಿದು ನೋಡಿ. ನಾಡಿ ಸಿಕ್ಕು, ಮಾತಾಡಿಸಿದರೆ ಉತ್ತರ ಬಂದರೆ ನಿಲ್ಲಿಸಿ. ಇಲ್ಲವಾದರೆ ಇನ್ನೊಂದು 250. ಮೇಲಿನ ಬಿ.ಪಿ. 80–90 ಇದ್ದರೆ ಸದ್ಯಕ್ಕೆ ಸಾಕು. ತಲೆಗೆ ತೀವ್ರ ಪೆಟ್ಟಾಗಿದ್ದರೆ ಮಾತ್ರ ಈ ಲೆಕ್ಕ ನಡೆಯದು, ಅಲ್ಲಿ 110 ಬೇಕು. ಕಡಿಮೆಯಾದರೆ ಮೆದುಳಿಗೆ ರಕ್ತ ಸಾಲದು.

ಅತಿಯಾದ ಸಲೈನ್ ಹೆಪ್ಪುಗಟ್ಟಿಸುವ ಅಂಶಗಳನ್ನು ತೆಳುವಾಗಿಸುತ್ತದೆ, ಮೈ ತಣ್ಣಗಾಗಿಸುತ್ತದೆ, ಏರಿದ ಒತ್ತಡ ಆಗಷ್ಟೇ ಕಟ್ಟಿದ ಹೆಪ್ಪನ್ನು ಕಿತ್ತುಹಾಕುತ್ತದೆ. ಒಂದು ಲೀಟರ್ ಹೋದರೂ ನಾಡಿ ಸ್ಥಿರವಾಗಿ ಸಿಗದಿದ್ದರೆ ಅವರಿಗೆ ಬೇಕಿರುವುದು ರಕ್ತ ಮತ್ತು ಆಪರೇಷನ್. ಆಂಬ್ಯುಲೆನ್ಸನ್ನು ಅಲ್ಲಿಯವರೆಗೆ ಕಾಯಿಸದೆ ಆರಂಭದಲ್ಲೇ ಕರೆಸಿ.

5% ಡೆಕ್ಸ್‌ಟ್ರೋಸ್ ಬೇಡ, ಅದು ರಕ್ತನಾಳದಲ್ಲಿ ಉಳಿಯುವುದಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ (ರಕ್ತಸ್ರಾವ ತಗ್ಗಿಸುವ ಔಷಧಿ) ಇದ್ದರೆ 1 ಗ್ರಾಂ, 10 ನಿಮಿಷದಲ್ಲಿ ನಿಧಾನವಾಗಿ ಕೊಡಿ. ಗಾಯವಾಗಿ 3 ಗಂಟೆ ದಾಟಿದ್ದರೆ ಕೊಡಬೇಡಿ. ಕೊಟ್ಟ ಪ್ರಮಾಣ, ಸಮಯ ಎರಡನ್ನೂ ರೆಫರಲ್ ಚೀಟಿಯಲ್ಲಿ ಬರೆಯಿರಿ.