ಆ ಟಾಯ್ಲೆಟ್ ಟೆಂಟಿನ ಬಗ್ಗೆ ಬರೆಯಿರಿ

ನಮಸ್ಕಾರ. ಹಿಮಾಚಲದ ಹಾಮ್ಟಾ ಪಾಸ್ (ಬೆಟ್ಟಸಾಲು ದಾಟುವ ದಾರಿ) ದಾಟಿ ಚಂದ್ರತಾಲ ಕೆರೆಗೆ ಹೋಗಿ ಬಂದ ನಿಮ್ಮ ಲೇಖನ ಪೂರ್ತಿ ಓದಿದೆ. ಹೀಗೇ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗುವ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಉಡುಪಿಯಲ್ಲಿ ಮಳೆ ಜೋರು ಉಂಟು, ಕರೆಂಟ್ ಹೋಗುವ ಮೊದಲು ಮುಗಿಸಬೇಕು, ಮಾತು ಸ್ವಲ್ಪ ಒರಟಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ತೆಗೆಯಿರಿ. ಮಂಗಳಾ ಎಕ್ಸ್‌ಪ್ರೆಸ್ಸಿನ ವೇಯ್ಟಿಂಗ್ ಲಿಸ್ಟ್, ದೆಹಲಿಯ ಸೆಖೆ, ಮನಾಲಿ ಬಸ್ಸಿನಲ್ಲಿ ಗೆಳೆಯನ ವಾಂತಿ, ಇದೆಲ್ಲ ನಿಮ್ಮ ತಂಡದವರಿಗೆ ಖುಷಿ ಕೊಡಬಹುದು. ನಮ್ಮ ಓದುಗರು ನೀವು ಚಾರಣ ಶುರುವಾಗುವ ಜೋಬ್ರಾ ತಲುಪುವಷ್ಟರಲ್ಲಿ ಪುಟ ತಿರುಗಿಸಿರುತ್ತಾರೆ. (ಬಾಡಿಗೆ ಶೂ ಒಳಗೆ ಯಾರದೋ ಹಳೆಯ ಕಾಲುಚೀಲ ಸಿಕ್ಕಿದ್ದು ಮಾತ್ರ ಇರಲಿ. ಅದನ್ನು ಓದಿ ಜೋರಾಗಿ ನಕ್ಕೆ.)

ಆಮೇಲೆ "ಧರೆಗಿಳಿದ ಸ್ವರ್ಗ", "ಪ್ರಕೃತಿ ಮಾತೆಯ ಮಡಿಲು", "ಮಾನವ ಸ್ಪರ್ಶವಿಲ್ಲದ ಸರೋವರ". ಮೊದಲೆರಡು ಬರೀ ಸವಕಲು, ಮೂರನೆಯದು ತಪ್ಪೇ. ಗದ್ದಿ ಕುರಿಗಾಹಿಗಳು ತಲೆತಲಾಂತರದಿಂದ ಬೇಸಿಗೆಯಲ್ಲಿ ಪಾಸ್‌ಗಳನ್ನು ದಾಟಿ ಲಾಹೌಲಿನ ಹುಲ್ಲುಗಾವಲಿಗೆ ಮಂದೆ ಹೊಡೆದುಕೊಂಡು ಬರುತ್ತಾರೆ. ಈಗ ಬಾತಲ್ ಕಡೆಯಿಂದ ಕೆರೆಯ ಹತ್ತಿರದವರೆಗೂ ಗಾಡಿ ಹೋಗುತ್ತದೆ. ನೀವೇ ಚಾರಣ ಮುಗಿಯುವ ಛತ್ರುವಿನಿಂದ ಜೀಪಿನಲ್ಲಿ ಹೋಗಿ, ಪಾರ್ಕಿಂಗ್‌ನಲ್ಲಿ ಇಳಿದು, ಒಂದಿಷ್ಟು ನಡೆದು ಕೆರೆ ನೋಡಿದ್ದೀರಿ. ಆ ಪಾರ್ಕಿಂಗ್ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಯಾಕೆ ಮಾರಾಯ್ರೆ?

ಸರಿ, ಈಗ ನನಗೆ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಐದನೇ ಪುಟದಲ್ಲಿ, ಬಾಲು ಕಾ ಘೇರಾ ಕ್ಯಾಂಪಿನ ಮಧ್ಯೆ, ಮೂರು ಸಾಲು ಬರೆದಿದ್ದೀರಿ. ಟೆಂಟುಗಳ ಹಿಂದೆ ಜಿಪ್ ಹಾಕುವ ಟಾಯ್ಲೆಟ್ ಟೆಂಟ್. ಒಳಗೆ ಗುಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಅದರಲ್ಲಿ ಊರಿಟ್ಟ ಚಿಕ್ಕ ಸಲಿಕೆ. ಕೆಲಸ ಮುಗಿಸಿ ಮಣ್ಣು ಮುಚ್ಚಲು ನೀವು ಸಲಿಕೆ ಎತ್ತಿದಾಗ ಮಣ್ಣಿನ ಜೊತೆ ಒಂದು ಹಳೆಯ ವೆಟ್ ವೈಪ್ ಮೇಲೆ ಬಂತು, ಇನ್ನೂ ಬೆಳ್ಳಗೇ ಇತ್ತು. ಅಂದರೆ ಇವರು ಹೊಸದು ಅಂತ ತೋಡಿದ ಗುಂಡಿಯ ಜಾಗದಲ್ಲಿ ಮೊದಲೇ ಒಂದು ಗುಂಡಿ ಇತ್ತು. ಇಷ್ಟು ಬರೆದು ತಕ್ಷಣ ಸೂರ್ಯಾಸ್ತಕ್ಕೆ ಹಾರಿಬಿಟ್ಟಿದ್ದೀರಿ. ನಾಚಿಕೆಯಾಯಿತೋ, ಪತ್ರಿಕೆಗೆ ಇದೆಲ್ಲ ಬೇಡ ಅನಿಸಿತೋ. ನನ್ನ ಮಟ್ಟಿಗೆ ಲೇಖನ ಅಂತ ಇರುವುದು ಅಲ್ಲೇ. ಉಳಿದದ್ದನ್ನು ಮನಾಲಿಗೆ ಹೋದ ಯಾರು ಬೇಕಾದರೂ ಬರೆಯಬಹುದು, ಹೋಗದವರೂ ಬರೆಯಬಹುದು.

ಅಲ್ಲಿ ನಿಲ್ಲಿ. ಗುಂಡಿಯ ಮೇಲೆ ಗುಂಡಿ ಯಾಕೆ ಬಂತು ಅಂತ ಕೇಳಿ. ಅಂಥ ಕಣಿವೆಯಲ್ಲಿ ಟೆಂಟ್ ಹಾಕುವಷ್ಟು ಸಮತಟ್ಟಾದ, ನೀರು ಹತ್ತಿರ ಇರುವ, ಮೇಲಿಂದ ಕಲ್ಲು ಉರುಳದ ಜಾಗ ಇರುವುದೇ ಕೆಲವು. ಹಾಗಾಗಿ ಯಾವ ಕಂಪನಿಯವರು ಬಂದರೂ ಅಲ್ಲೇ ಇಳಿಯುತ್ತಾರೆ. ಚಾರಣಕ್ಕೆ ಸಿಗುವುದು ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗಿನ ಕೆಲವೇ ತಿಂಗಳು, ಅಷ್ಟರಲ್ಲಿ ತಂಡದ ಹಿಂದೆ ತಂಡ ಬರುತ್ತಲೇ ಇರುತ್ತದೆ. ನಮ್ಮ ಅಡಿಕೆ ತೋಟದ ಮೂಲೆಯಲ್ಲಿ ಏನು ಹೂತರೂ ಒಂದು ಮಳೆಗಾಲದಲ್ಲಿ ಮಣ್ಣಾಗುತ್ತದೆ. ಅಲ್ಲಿ ಮಣ್ಣಿನ ಪದರವೇ ತೆಳು, ಚಳಿಗೆ ಸೂಕ್ಷ್ಮಜೀವಿಗಳು ಕೆಲಸ ಮಾಡುವುದೇ ಕಡಿಮೆ, ಅರ್ಧ ವರ್ಷ ಎಲ್ಲ ಹಿಮದ ಕೆಳಗೆ. ಹೂತದ್ದು ಹಾಗೇ ಉಳಿಯುತ್ತದೆ. ಹೆಚ್ಚಿನ ವೆಟ್ ವೈಪ್‌ಗಳಲ್ಲಿ ಪ್ಲಾಸ್ಟಿಕ್ ನೂಲು ಬೇರೆ ಇರುತ್ತದೆ, ಅದು ಎಲ್ಲಿ ಹೂತರೂ ಕರಗುವುದಿಲ್ಲ. ನೀರಿನಿಂದ ಕನಿಷ್ಠ 60 ಮೀಟರ್ ದೂರ ಗುಂಡಿ ತೋಡಬೇಕು ಅಂತ ಚಾರಣಿಗರಿಗೆ ಹೇಳಿಕೊಡುತ್ತಾರೆ. ನಿಮ್ಮ ಗುಂಡಿಗೂ ಹಳ್ಳಕ್ಕೂ ಎಷ್ಟು ದೂರ ಇತ್ತು? ಆ ಹಳ್ಳದ ನೀರನ್ನೇ ಅಲ್ವಾ ರಾತ್ರಿ ಸೂಪಿಗೆ ಕಾಯಿಸಿದ್ದು? ಇದನ್ನೆಲ್ಲ ಬರೆಯಿರಿ. ಓದುಗರಿಗೆ ಅಸಹ್ಯ ಆಗುತ್ತದೆ ಅಂತ ಹೆದರಬೇಡಿ, ಆಗಲಿ.

ಇನ್ನು ತಪ್ಪು ಯಾರದು ಅನ್ನುವ ವಿಷಯ. ನಿಮ್ಮ ಲೇಖನದಲ್ಲಿ ನಡೆದವರು, ದಣಿದವರು, ಕೆರೆ ನೋಡಿ ಕಣ್ಣೀರು ಹಾಕಿದವರು ನೀವು. ಕಸ ಹಾಕಿದವರು ದೆಹಲಿ, ಚಂಡೀಗಢದ ಕಾರಿನವರು. ಕಾರಿನವರ ಬಗ್ಗೆ ಹೇಳುವುದಿಲ್ಲ ಅಂತಲ್ಲ. ಮನಾಲಿಯಿಂದ ಲಾಹೌಲಿಗೆ ದಾಟುವ ರೋಹ್ತಾಂಗ್ ಪಾಸ್‌ಗೆ ದಿನಕ್ಕೆ ಇಷ್ಟೇ ಗಾಡಿ ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಮಿತಿ ಹಾಕಿತ್ತು. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು, ಪಾಸ್ ಹತ್ತುವ ಗೋಜೇ ಇಲ್ಲದೆ ಜನ ಲಾಹೌಲ್ ತಲುಪತೊಡಗಿದರು. ಇದು ಬರಬೇಕಾದ ಮಾಹಿತಿ, ನೀವು ಬಿಟ್ಟಿದ್ದೀರಿ. ಆದರೆ ನಿಮ್ಮ ತಂಡದ ಹಿಂದೆ ಎಷ್ಟು ಹೇಸರಗತ್ತೆ ಬಂದವು, ಎಷ್ಟು ಸಿಲಿಂಡರ್, ಎಷ್ಟು ಟ್ರೇ ಮೊಟ್ಟೆ, ಕಸದ ಮೂಟೆ ಕೊನೆಗೆ ಎಲ್ಲಿ ಇಳಿಯಿತು, ಇದನ್ನು ಕಾರಿನವರು ಬಂದು ಹೇಳುವುದಿಲ್ಲ. ಕಣ್ಣಾರೆ ನೋಡಿದವರು ನೀವು. ಅಡುಗೆಯವನು, ಹೇಸರಗತ್ತೆಯವನು ಇಬ್ಬರೂ "ಮುಗ್ಧ ಪಹಾಡಿ ಜನ" ಅನ್ನುವ ಒಂದೇ ಸಾಲಿನಲ್ಲಿ ಮುಗಿದು ಹೋಗಿದ್ದಾರೆ. ಮುಗ್ಧ ಎಂತದು? ನಾಲ್ಕು ತಿಂಗಳ ದುಡಿಮೆಯಲ್ಲಿ ವರ್ಷ ದೂಡುವ ಲೆಕ್ಕ ಗೊತ್ತಿದ್ದವರು ಅವರು. ಗುಂಡಿ ತೋಡಿದ್ದೂ ಅವರಲ್ಲೊಬ್ಬ. ಅವನ ಹತ್ತಿರ ಮಾತಾಡಿದ್ದರೆ ಅವನು ಹೇಳಿದ್ದನ್ನು ಹಾಕಿ. ಮಾತಾಡದಿದ್ದರೆ ಆ "ಮುಗ್ಧ"ವನ್ನಾದರೂ ತೆಗೆಯಿರಿ.

ಕೊನೆಯ ಪುಟದಲ್ಲಿ "ಸರಕಾರ ಇಂಥ ಚಾರಣಗಳನ್ನೇ ನಿಷೇಧಿಸಬೇಕು" ಅಂದಿದ್ದೀರಿ. ಸ್ವತಃ ಹೋಗಿ ಬಂದ ಮೇಲೆ! ಬೇಕಿದ್ದರೆ ವಾದಿಸಿ, ಆದರೆ ನಿಷೇಧ ಆದಲ್ಲಿ ಏನಾಯಿತು ಅಂತ ನೋಡಿಕೊಂಡು ವಾದಿಸಿ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು, ದಿನಕ್ಕೆ 200 ಜನ ಅಂತ ಮಿತಿ ಹಾಕಿತು. ಬೇದನಿಯಂಥ ಬುಗ್ಯಾಲಿನಲ್ಲಿ ತಂಗದೆ 5,000 ಮೀಟರ್ ಎತ್ತರದ ರೂಪಕುಂಡಕ್ಕೆ ಹೋಗುವುದು ಹೇಗೆ? ಆ ಚಾರಣ ನಿಂತಿತು. ಹುಲ್ಲಿಗೆ ಬಿಡುವು ಸಿಕ್ಕಿತು, ಚಾರಣ ಶುರುವಾಗುತ್ತಿದ್ದ ಲೋಹಾಜಂಗ್ ಕಡೆಯವರ ದುಡಿಮೆ ಹೋಯಿತು, ಚಾರಣಿಗರು ಬೇರೆ ದಾರಿ ಹಿಡಿದರು. ಚಂದ್ರತಾಲದಲ್ಲೂ ದಡದ ಟೆಂಟುಗಳನ್ನು ಎಬ್ಬಿಸಿ ದೂರ ಕಳಿಸಿದ್ದು ನಿಮಗೆ ಗೊತ್ತು, ನೀವು ಉಳಿದದ್ದೇ ಆ ದೂರದ ಕ್ಯಾಂಪಿನಲ್ಲಿ. ನಮ್ಮ ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಜನ ಸೇರಿ, ಅರಣ್ಯ ಇಲಾಖೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದದ್ದನ್ನೂ ಒಂದು ಮಾತು ಸೇರಿಸಿ. ಸುಬ್ರಹ್ಮಣ್ಯ ಇಲ್ಲೇ ಹತ್ತಿರ, ಓದುಗರಿಗೆ ಬೇಗ ತಾಗುತ್ತದೆ.

ತಪ್ಪುಗಳು ಕೆಲವು ಉಂಟು. ಚಂದ್ರತಾಲ ಚಂದ್ರಾ ನದಿಯ ಉಗಮ ಅಲ್ಲ. ನದಿ ಬಾರಾಲಾಚಾ ಪಾಸ್ ಕಡೆಯ ಹಿಮನದಿಗಳಿಂದ ಬರುತ್ತದೆ, ಕೆರೆಯ ನೀರು ಹರಿದು ಅದನ್ನು ಸೇರುತ್ತದೆ. ಮುಂದೆ ತಾಂಡಿಯಲ್ಲಿ ಭಾಗಾ ಸೇರಿ ಚಂದ್ರಭಾಗಾ, ಅಂದರೆ ಚೆನಾಬ್. ಕೆರೆಯ ಎತ್ತರವನ್ನು ಒಂದು ಕಡೆ 14,100 ಅಡಿ, ಇನ್ನೊಂದು ಕಡೆ 4,800 ಮೀಟರ್ ಅಂದಿದ್ದೀರಿ, ಎರಡನೆಯದು ಸರಿಯಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಮೇಲೆಯೂ 21 ಶೇಕಡವೇ, ಕಡಿಮೆಯಾಗುವುದು ಒತ್ತಡ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಲ್ಪೆ ಕಡಲ ಕರೆಯಲ್ಲಿ ಸಿಗುವುದರ ಸುಮಾರು ನೂರಕ್ಕೆ ಅರುವತ್ತು ಪಾಲು. ಎತ್ತರದ ಕಾಯಿಲೆಗೆ ತಗೊಳ್ಳುವ ಡಯಾಮಾಕ್ಸ್ ಮಾತ್ರೆ ಎಷ್ಟು ತಗೊಳ್ಳಬೇಕು ಅಂತ ಓದುಗರಿಗೆ ಹೇಳುವ ಪ್ಯಾರಾ ತೆಗೆದಿದ್ದೇನೆ, ಅದು ಡಾಕ್ಟರ ಕೆಲಸ. 2023ರ ಜುಲೈಯಲ್ಲಿ ಹಿಮ ಬಿದ್ದು ಇನ್ನೂರಕ್ಕೂ ಹೆಚ್ಚು ಜನ ಚಂದ್ರತಾಲದಲ್ಲೇ ಸಿಕ್ಕಿಬಿದ್ದು, ಕುಂಜುಮ್ ಪಾಸ್ ದಾರಿಯ ಹಿಮ ಸರಿಸಿ ಅವರನ್ನು ಹೊರತಂದದ್ದು ನಿಮ್ಮಲ್ಲಿ ಇಲ್ಲ. ಜೀಪಿನಲ್ಲಿ ಹೋಗಿ ಬರುವ ಜಾಗ ಅಂತ ಹಗುರ ಮಾಡಿಕೊಂಡವರಿಗೆ ಅದು ಗೊತ್ತಿರಬೇಕು.

ಹಾಂ, ಆ ಕಿತ್ತಳೆ ಬಣ್ಣದ "ಬಾತುಕೋಳಿಯಂಥ ಹಕ್ಕಿ". ಅದು ಚಕ್ರವಾಕ, ನಮ್ಮ ಹಳೆಯ ಕಾವ್ಯಗಳಲ್ಲಿ ರಾತ್ರಿಯಿಡೀ ಜೋಡಿಯನ್ನು ಅಗಲಿ ಕೂಗುವ ಜಕ್ಕವಕ್ಕಿ. ಬೇಸಿಗೆಯಲ್ಲಿ ಆ ಕೆರೆಗೆ ಬರುತ್ತದೆ. ಕೆರೆ 2005ರಿಂದ ರಾಮ್‌ಸರ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜೌಗು ತಾಣ, ಹೆಚ್ಚೆಂದರೆ ಐವತ್ತು ಹೆಕ್ಟೇರ್, ಹಕ್ಕಿಗೆ ತಪ್ಪಿಸಿಕೊಂಡು ಹೋಗಲು ಜಾಗ ಜಾಸ್ತಿ ಇಲ್ಲ. ನಿಮ್ಮ ಗೆಳೆಯ ಡ್ರೋನ್ ಬಿಟ್ಟಾಗ ಆ ಜೋಡಿ ಎದ್ದು ಆಚೆ ದಡಕ್ಕೆ ಹೋಯಿತು ಅಂತ ನೀವೇ ಬರೆದಿದ್ದೀರಿ, ಅದರ ಮುಂದಿನ ಸಾಲು "ಅದ್ಭುತ ಶಾಟ್ ಸಿಕ್ಕಿತು". ಈ ಎರಡೂ ಸಾಲು ಹೀಗೇ ಇರಲಿ, ಒಂದಕ್ಷರ ಮುಟ್ಟಬೇಡಿ. ಕ್ಷಮೆ ಕೇಳುವ ಸಾಲು ಸೇರಿಸುವ ಆಸೆಯಾದರೂ ಸೇರಿಸಬೇಡಿ.

ಸಾವಿರದ ಇನ್ನೂರು ಪದ ಸಾಕು. ನೀಲಿ ಕೆರೆಯ ಫೋಟೋಗಳು ಬೇಡ, ಪಾರ್ಕಿಂಗ್‌ನದ್ದೋ ಕ್ಯಾಂಪಿನದ್ದೋ ಇದ್ದರೆ ಕಳಿಸಿ, ಟಾಯ್ಲೆಟ್ ಟೆಂಟಿನದ್ದು ಇದ್ದರೆ ಇನ್ನೂ ಒಳ್ಳೆಯದು. ಮತ್ತೆ ಫೈಲನ್ನು ಯೂನಿಕೋಡ್‌ನಲ್ಲಿ ಕಳಿಸಿ, ನುಡಿಯಲ್ಲಿ ಬಂದದ್ದನ್ನು ಇಲ್ಲಿ ತೆರೆದಾಗ ಅರ್ಕಾವೊತ್ತೆಲ್ಲ ಎಲ್ಲೆಲ್ಲೋ ಹೋಗಿ ಕೂತಿತ್ತು.